ಕಥೆಯ ನಡುವೆ ಜರ್ಕ್: ಸ್ಟೋರಿ ಶೂಟರ್ ಆಟಗಳಿಗೆ ದೋಷ ನಿವಾರಣೆ ಕೈಪಿಡಿ

ಕಥೆ ಇರುವ ಶೂಟರ್ ಆಟದಲ್ಲಿ ಜರ್ಕ್ ಬಂದರೆ ಬಹಳ ಜನ ಮೊದಲು ಮಾಡುವ ಕೆಲಸ ಒಂದೇ. ಸೆಟ್ಟಿಂಗ್ಸ್‌ಗೆ ಹೋಗಿ ಎಲ್ಲವನ್ನೂ 'ಲೋ'ಗೆ ಇಳಿಸಿಬಿಡುತ್ತಾರೆ. ಚಿತ್ರ ಹಾಳಾಗುತ್ತದೆ, ಜರ್ಕ್ ಮಾತ್ರ ಹಾಗೇ ಇರುತ್ತದೆ. ಆ ಜರ್ಕ್‌ಗೂ ಗ್ರಾಫಿಕ್ಸ್ ಕಾರ್ಡಿಗೂ ಸಂಬಂಧವೇ ಇಲ್ಲದಿರಬಹುದು. ಶೇಡರ್ ಅನ್ನುವ ಸಣ್ಣ ಪ್ರೋಗ್ರಾಂಗಳು ಆಟದ ಮಧ್ಯೆ ಕಂಪೈಲ್ (ಪಿಸಿಗೆ ತಕ್ಕ ಹಾಗೆ ತಯಾರು) ಆಗುತ್ತಿರಬಹುದು. ಡಿಸ್ಕ್ ನಿಧಾನ ಇರಬಹುದು. ಪ್ರೊಸೆಸರ್‌ನ ಒಂದೇ ಕೋರ್ ಎಲ್ಲ ಭಾರ ಹೊತ್ತಿರಬಹುದು. ಕೆಲವು ಸಲ ಆಟವೇ ಬೇಕಂತ ನಿಧಾನ ಮಾಡಿರುತ್ತದೆ.

ಹಾಗಾಗಿ ಎಷ್ಟು ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಚಿತ್ರ) ಬರುತ್ತಿದೆ ಅಂತ ಕೇಳುವ ಮೊದಲು, ತೊಂದರೆ ಯಾವಾಗ ಬರುತ್ತಿದೆ ಅಂತ ಕೇಳಿಕೊಳ್ಳಿ. ಮೊದಲ ಗ್ರೆನೇಡ್ ಸಿಡಿದಾಗಲೋ? ಬಾಗಿಲು ದಾಟಿದಾಗಲೋ? ಜನ ತುಂಬಿದ ಬೀದಿಯಲ್ಲೋ? ಅರ್ಧ ಗಂಟೆ ಆಡಿದ ಮೇಲೋ? ಇದಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಅಳೆಯಿರಿ

ಎಫ್‌ಪಿಎಸ್ ಅಂಕಿಯನ್ನು ಜಾಸ್ತಿ ನಂಬಬೇಡಿ. ಅದು ಸರಾಸರಿ. ಆಟ ಸೆಕೆಂಡಿಗೆ 100 ಫ್ರೇಮ್ ಕೊಡುತ್ತಿದೆ ಅಂದುಕೊಳ್ಳಿ. ಪ್ರತಿ ಫ್ರೇಮಿಗೆ 10 ಮಿಲಿಸೆಕೆಂಡ್ ಆಯಿತು. ನಡುವೆ ಒಂದೇ ಒಂದು ಫ್ರೇಮ್ 200 ಮಿಲಿಸೆಕೆಂಡ್ ತೆಗೆದುಕೊಂಡರೆ ಆ ಸೆಕೆಂಡಿನಲ್ಲಿ ಒಟ್ಟು 81 ಫ್ರೇಮ್ ಬರುತ್ತವೆ. ಮೂಲೆಯ ಅಂಕಿ 81 ಅನ್ನುತ್ತದೆ, ಪರವಾಗಿಲ್ಲ ಅನಿಸುತ್ತದೆ. ನಿಮ್ಮ ಕಣ್ಣಿಗೆ ಮಾತ್ರ ಸೆಕೆಂಡಿನ ಐದನೇ ಒಂದು ಭಾಗ ಆಟ ಗಕ್ಕನೆ ನಿಂತಿತ್ತು. ಶತ್ರು ಎದುರಿಗಿದ್ದರೆ ಅಷ್ಟು ಹೊತ್ತು ಸಾಕಲ್ವಾ ಸಾಯಲಿಕ್ಕೆ?

ಅದಕ್ಕೇ ಒಂದೊಂದು ಫ್ರೇಮಿಗೆ ಎಷ್ಟು ಹೊತ್ತಾಯಿತು ಅಂತ ತೋರಿಸುವ ಫ್ರೇಮ್ ಟೈಮ್ ಗ್ರಾಫ್ ನೋಡಬೇಕು. ಎಂಎಸ್‌ಐ ಆಫ್ಟರ್‌ಬರ್ನರ್ ಜೊತೆ ಬರುವ ರಿವಾಟ್ಯೂನರ್ ಅನ್ನುವ ಸಾಫ್ಟ್‌ವೇರ್ ಸಾಕು. ಕ್ಯಾಪ್‌ಫ್ರೇಮ್‌ಎಕ್ಸ್, ಇಂಟೆಲ್‌ನ ಪ್ರೆಸೆಂಟ್‌ಮಾನ್ ಕೂಡ ಉಚಿತವೇ. ಪರದೆಯ ಮೇಲೆ ಫ್ರೇಮ್ ಟೈಮ್ ಗ್ರಾಫ್, ಜಿಪಿಯು (ಗ್ರಾಫಿಕ್ಸ್ ಚಿಪ್) ಬಳಕೆ, ಪ್ರತಿ ಸಿಪಿಯು (ಪ್ರೊಸೆಸರ್) ಕೋರಿನ ಬಳಕೆ, ವಿಡಿಯೊ ಮೆಮೊರಿ, ರ್‍ಯಾಮ್, ತಾಪಮಾನ, ಕ್ಲಾಕ್ ಸ್ಪೀಡ್ ಇಷ್ಟು ಕಾಣುವಂತೆ ಇಟ್ಟುಕೊಳ್ಳಿ. 60 ಎಫ್‌ಪಿಎಸ್‌ಗೆ ಗೆರೆ 16.7 ಮಿಲಿಸೆಕೆಂಡ್ ಹತ್ತಿರ ನೆಟ್ಟಗೆ ಹೋಗಬೇಕು. 30ಕ್ಕೆ 33.3. ಗೆರೆ ಎತ್ತರದಲ್ಲಿದ್ದರೂ ಸಪಾಟಾಗಿದ್ದರೆ ಆಟ ನಿಧಾನ, ಅಷ್ಟೇ. ಗೆರೆ ಕೆಳಗಿದ್ದು ಆಗಾಗ ಮುಳ್ಳಿನ ಹಾಗೆ ಎದ್ದರೆ ಅದು ಜರ್ಕ್. ಎರಡೂ ಬೇರೆ ಬೇರೆ ಕಾಯಿಲೆ, ಔಷಧಿಯೂ ಬೇರೆ.

ಕಥೆಯ ಆಟಗಳಲ್ಲಿ ನಮಗೊಂದು ಅನುಕೂಲ ಇದೆ. ಚೆಕ್‌ಪಾಯಿಂಟ್‌ನಿಂದ ಶುರು ಮಾಡಿದರೆ ಪ್ರತಿ ಸಲ ಹೆಚ್ಚುಕಡಿಮೆ ಅದೇ ಘಟನೆ ನಡೆಯುತ್ತದೆ. ಅದೇ ಹೆಲಿಕಾಪ್ಟರ್ ಬೀಳುತ್ತದೆ, ಅದೇ ಗೋಡೆ ಒಡೆಯುತ್ತದೆ. ಆನ್‌ಲೈನ್ ಆಟದಲ್ಲಿ ಈ ಭಾಗ್ಯ ಇಲ್ಲ. ಒಂದೆರಡು ನಿಮಿಷದಲ್ಲಿ ತೊಂದರೆ ಕಾಣಿಸುವ ಒಂದು ಸೇವ್ ಆರಿಸಿ, ಅದೇ ದಾರಿಯಲ್ಲಿ ನಡೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಡ್ರೈವರ್, ಸೆಟ್ಟಿಂಗ್, ವಿಂಡೋಸ್ ಅಪ್‌ಡೇಟ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಕೊನೆಗೂ ಗೊತ್ತಾಗುವುದಿಲ್ಲ.

ಮೊದಲೇ ನೋಡಿಬಿಡಬೇಕಾದವು

ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚಿದೆಯಾ, ಮದರ್‌ಬೋರ್ಡಿಗಾ? ವಿಂಡೋಸ್‌ನಲ್ಲಿ ರಿಫ್ರೆಶ್ ರೇಟ್ ಸರಿ ಇದೆಯಾ? 144 ಹರ್ಟ್ಸ್ ಮಾನಿಟರ್ ತಂದು 60ರಲ್ಲೇ ಓಡಿಸುವವರು ಕಮ್ಮಿಯೇನಿಲ್ಲ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿದೆಯಾ, ಆಟ ದೊಡ್ಡ ಜಿಪಿಯು ಮೇಲೆ ಓಡುತ್ತಿದೆಯಾ? ರ್‍ಯಾಮ್ ಎರಡು ಕಡ್ಡಿ ಇದೆಯಾ, ಬಯೋಸ್‌ನಲ್ಲಿ (ಪಿಸಿ ಆನ್ ಆಗುವಾಗ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್ಸ್) ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ರ್‍ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಇದೆಯಾ? ಆನ್ ಇಲ್ಲದಿದ್ದರೆ 3200ರ ರ್‍ಯಾಮ್ ಕೂಡ 2133ರಲ್ಲೋ 2400ರಲ್ಲೋ ಓಡುತ್ತಾ ಇರುತ್ತದೆ. ಬೇಡದ ಓವರ್‌ಲೇ (ಆಟದ ಮೇಲೆ ಕಾಣುವ ಬೇರೆ ಸಾಫ್ಟ್‌ವೇರ್‌ನ ಕಿಟಕಿ), ರೆಕಾರ್ಡಿಂಗ್ ಎಲ್ಲ ಆಫ್ ಮಾಡಿ. ಸ್ಟೀಮ್‌ನಲ್ಲಿ ಆಟದ ಫೈಲ್‌ಗಳನ್ನು ವೆರಿಫೈ ಮಾಡಿಸಿ. ಇವೆಲ್ಲ ಸಪ್ಪೆ ಕೆಲಸ, ಆದರೆ ಹತ್ತು ನಿಮಿಷದಲ್ಲಿ ಮುಗಿಯುತ್ತವೆ.

ಮೊದಲ ಸಲ ಮಾತ್ರ ಜರ್ಕ್ ಬಂದರೆ

ಹೊಸ ಗನ್ ಮೊದಲ ಸಲ ಹಾರಿಸಿದಾಗ, ಮೊದಲ ಬೆಂಕಿ ಹತ್ತಿದಾಗ, ಹೊಸ ಜಾತಿಯ ಶತ್ರು ಕಂಡಾಗ ಆಟ ತಡವರಿಸುತ್ತದೆ. ಎರಡನೇ ಸಲ ಏನೂ ಆಗುವುದಿಲ್ಲ. ಇದು ಬಹುತೇಕ ಶೇಡರ್ ಕಂಪೈಲೇಶನ್.

ಬೆಳಕು, ಹೊಗೆ, ನೀರು ಹೇಗೆ ಕಾಣಬೇಕು ಅನ್ನುವ ಸಣ್ಣ ಪ್ರೋಗ್ರಾಂಗಳೇ ಶೇಡರ್. ಅವನ್ನು ನಿಮ್ಮ ಜಿಪಿಯುಗೆ, ನಿಮ್ಮ ಡ್ರೈವರಿಗೆ ತಕ್ಕ ಹಾಗೆ ನಿಮ್ಮ ಪಿಸಿಯಲ್ಲೇ ಕಂಪೈಲ್ ಮಾಡಬೇಕು. ಕನ್ಸೋಲ್‌ನಲ್ಲಿ ಎಲ್ಲರದ್ದೂ ಒಂದೇ ಹಾರ್ಡ್‌ವೇರ್, ಹಾಗಾಗಿ ಮೊದಲೇ ತಯಾರು ಮಾಡಿ ಕಳಿಸುತ್ತಾರೆ. ಪಿಸಿಯಲ್ಲಿ ಸಾಮಾನ್ಯವಾಗಿ ಅದು ಆಗುವುದಿಲ್ಲ. ಆಟ ಜಿಪಿಯು ಜೊತೆ ಮಾತಾಡುವ ಹೊಸ ವಿಧಾನಗಳಾದ ಡೈರೆಕ್ಟ್‌ಎಕ್ಸ್ 12 ಮತ್ತು ವಲ್ಕನ್ ಬಂದ ಮೇಲೆ ಈ ತಯಾರಿಯ ಜವಾಬ್ದಾರಿ ಡ್ರೈವರಿಗಿಂತ ಆಟ ಮಾಡುವವರ ಮೇಲೆ ಜಾಸ್ತಿ ಬಿದ್ದಿದೆ. ಅವರು ಮರೆತ ಶೇಡರ್ ಆಟದ ಮಧ್ಯದಲ್ಲಿ, ಗುಂಡಿನ ಮಳೆಯ ನಡುವೆ ಕಂಪೈಲ್ ಆಗುತ್ತದೆ.

ಪರೀಕ್ಷೆ ಸುಲಭ. ಚೆಕ್‌ಪಾಯಿಂಟ್ ಲೋಡ್ ಮಾಡಿ ಅದೇ ಗ್ರೆನೇಡ್ ಮತ್ತೆ ಎಸೆಯಿರಿ. ಜರ್ಕ್ ಹೋಯಿತಾ? ಇನ್ನೂ ಖಾತ್ರಿ ಆಗಿಲ್ಲ. ಡಿಸ್ಕ್‌ನಿಂದ ಬಂದ ಡೇಟಾ ರ್‍ಯಾಮ್‌ನಲ್ಲೇ ಉಳಿದಿರುವುದರಿಂದಲೂ ಎರಡನೇ ಸಲ ಸಲೀಸಾಗುತ್ತದೆ. ಈಗ ಪಿಸಿಯನ್ನೇ ರೀಸ್ಟಾರ್ಟ್ ಮಾಡಿ ನೋಡಿ. ತಯಾರಾದ ಶೇಡರ್‌ಗಳ ಸಂಗ್ರಹ, ಅಂದರೆ ಶೇಡರ್ ಕ್ಯಾಶ್, ಡಿಸ್ಕ್‌ನಲ್ಲಿ ಉಳಿಯುತ್ತದೆ, ರ್‍ಯಾಮ್ ಖಾಲಿಯಾಗುತ್ತದೆ. ರೀಸ್ಟಾರ್ಟ್ ಆದ ಮೇಲೂ ಜರ್ಕ್ ಇಲ್ಲದಿದ್ದರೆ ಶೇಡರ್ ಕಾರಣ. ಪ್ರತಿ ರೀಸ್ಟಾರ್ಟ್‌ಗೂ ಜರ್ಕ್ ವಾಪಸ್ ಬಂದರೆ ಮುಂದಿನ ಭಾಗ ಓದಿ.

ಪರಿಹಾರಕ್ಕೆ ಜಾಸ್ತಿ ದಾರಿಗಳಿಲ್ಲ. ಆಟ ಶುರುವಾದಾಗ 'ಶೇಡರ್ ಕಂಪೈಲ್ ಆಗುತ್ತಿದೆ' ಅಂತ ಬಂದರೆ ಪೂರ್ತಿ ಮುಗಿಯಲು ಬಿಡಿ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಶೇಡರ್ ಕ್ಯಾಶ್ ಗಾತ್ರವನ್ನು ದೊಡ್ಡದು ಮಾಡಿ. ಡ್ರೈವರ್ ಅಪ್‌ಡೇಟ್ ಆದ ಮೇಲೆ ಮೊದಲ ದಿನ ಮತ್ತೆ ಜರ್ಕ್ ಬರುವುದು ಮಾಮೂಲಿ, ಕ್ಯಾಶ್ ಹೊಸದಾಗಿ ಕಟ್ಟಬೇಕಲ್ಲ. 'ಶೇಡರ್ ಕ್ಯಾಶ್ ಡಿಲೀಟ್ ಮಾಡಿ' ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಕ್ಯಾಶ್ ಕೆಟ್ಟಿದ್ದರೆ ಮಾತ್ರ ಅದು ಸರಿ. ಸುಮ್ನೆ ಅಳಿಸಿದರೆ ಹೋಗಿದ್ದ ಜರ್ಕನ್ನು ಮತ್ತೆ ಕರೆದುಕೊಂಡು ಬಂದ ಹಾಗಾಗುತ್ತದೆ.

ಅದೇ ಜಾಗದಲ್ಲಿ ಪ್ರತಿ ಸಲ ಬಂದರೆ

ಒಂದು ಕಾರಿಡಾರ್ ದಾಟಿದ ತಕ್ಷಣ, ಒಂದು ಸೇತುವೆ ಹತ್ತಿದ ತಕ್ಷಣ ಜರ್ಕ್. ಹಿಂದೆ ಹೋಗಿ ಮತ್ತೆ ಬಂದರೂ ಅಲ್ಲೇ. ಇದು ಮುಂದಿನ ಜಾಗ ಲೋಡ್ ಆಗುವ ಗಡಿ.

1998ರ ಹಾಫ್-ಲೈಫ್ ಈ ವಿಷಯದಲ್ಲಿ ಪ್ರಾಮಾಣಿಕ. ಕಾರಿಡಾರ್ ನಡುವೆ ನಿಲ್ಲಿಸಿ 'ಲೋಡಿಂಗ್' ಅಂತ ತೋರಿಸಿ ಮುಂದೆ ಬಿಡುತ್ತಿತ್ತು. ಈಗಿನ ಆಟಗಳು ಅದನ್ನು ಮುಚ್ಚಿಡುತ್ತವೆ. ಲಿಫ್ಟ್ ನಿಧಾನ ಏರುತ್ತದೆ, ಇಕ್ಕಟ್ಟಿನ ಬಿರುಕಲ್ಲಿ ನುಸುಳಬೇಕು, ಜೊತೆಗಾರ ರೇಡಿಯೊದಲ್ಲಿ ಉದ್ದುದ್ದ ಮಾತಾಡುತ್ತಾನೆ. ಹಿಂದೆ ಮುಂದಿನ ಜಾಗ ಸದ್ದಿಲ್ಲದೆ ಲೋಡ್ ಆಗುತ್ತಿರುತ್ತದೆ. ನಿಮ್ಮ ಡಿಸ್ಕ್ ನಿಧಾನ ಇದ್ದರೆ ಮಾತು ಮುಗಿದರೂ ಬಾಗಿಲು ತೆರೆಯುವುದಿಲ್ಲ, ಅಥವಾ ತೆರೆದ ಮೇಲೆ ಆಟ ಗಕ್ಕನೆ ನಿಲ್ಲುತ್ತದೆ.

ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಬಳಕೆ ನೋಡಿ. ಆ ಹೊತ್ತಿಗೆ 100 ಶೇಕಡಾ ಮುಟ್ಟುತ್ತಿದ್ದರೆ, ಆಟ ಹಾರ್ಡ್‌ಡಿಸ್ಕ್‌ನಲ್ಲಿದ್ದರೆ, ಎಸ್‌ಎಸ್‌ಡಿಗೆ ಸಾಗಿಸಿ. ಬೇರೆ ಸೆಟ್ಟಿಂಗ್ ಮುಟ್ಟುವ ಅಗತ್ಯವೇ ಇಲ್ಲ. ಸೈಬರ್‌ಪಂಕ್ 2077ರ 2.0 ಅಪ್‌ಡೇಟ್ 2023ರಲ್ಲಿ ಬಂದಾಗ ಎಸ್‌ಎಸ್‌ಡಿಯನ್ನು ಕನಿಷ್ಠ ಅಗತ್ಯವೆಂದೇ ಸೇರಿಸಿದರು. ಡಿಸ್ಕ್ ಸುಮ್ಮನಿದ್ದು ಒಂದು ಸಿಪಿಯು ಕೋರ್ ಮಾತ್ರ ಮೇಲೇರಿದರೆ ತೊಂದರೆ ಆಟವನ್ನು ಓಡಿಸುವ ಮೂಲ ಸಾಫ್ಟ್‌ವೇರ್, ಅಂದರೆ ಎಂಜಿನ್‌ನೊಳಗಿದೆ. ಅನ್‌ರಿಯಲ್ ಎಂಜಿನ್‌ನ ಎಷ್ಟೋ ಆಟಗಳಲ್ಲಿ ಇದು ಇದೆ, ದುಬಾರಿ ಪಿಸಿಯಲ್ಲೂ ಇದೆ. ಫ್ರೇಮ್ ಕ್ಯಾಪ್ (ಎಫ್‌ಪಿಎಸ್‌ನ ಗರಿಷ್ಠ ಮಿತಿ) ಕೆಳಗಿಟ್ಟರೆ ಸ್ವಲ್ಪ ಮರೆಯಾಗುತ್ತದೆ. ಪೂರ್ತಿ ಹೋಗಬೇಕಾದರೆ ಪ್ಯಾಚ್ ಬರಬೇಕು.

ಗರಕ್ಕನೆ ತಿರುಗಿದಾಗ ಗೋಡೆಗಳು ಮಸುಕಾಗಿ ಕಂಡು ಆಮೇಲೆ ಸ್ಪಷ್ಟವಾಗುತ್ತವಾ? ವಿಡಿಯೊ ಮೆಮೊರಿ ತುಂಬಿದೆಯಾ ನೋಡಿ. ಟೆಕ್ಸ್ಚರ್ (ವಸ್ತುಗಳ ಮೇಲ್ಮೈಗೆ ಅಂಟಿಸುವ ಚಿತ್ರ) ಸೆಟ್ಟಿಂಗ್‌ನ ಸ್ವಭಾವ ವಿಚಿತ್ರ. ಮೆಮೊರಿ ಸಾಕಾಗುವವರೆಗೆ ಎಫ್‌ಪಿಎಸ್ ಮೇಲೆ ಏನೂ ಪರಿಣಾಮ ಇಲ್ಲ. ತುಂಬಿದ ಕ್ಷಣವೇ ಎಲ್ಲ ಕುಸಿಯುತ್ತದೆ, ಡೇಟಾ ಸಿಸ್ಟಮ್ ರ್‍ಯಾಮ್‌ನಿಂದ ಓಡಾಡಬೇಕಾಗುತ್ತದೆ. ಟೆಕ್ಸ್ಚರ್ ಒಂದೇ ಮೆಟ್ಟಿಲು ಇಳಿಸಿ, ಉಳಿದದ್ದನ್ನು ಬಿಡಿ. ಇದಕ್ಕೊಂದು ಅಪವಾದ ಇದೆ. 2011ರ ರೇಜ್ ಮತ್ತು 2014ರ ವೂಲ್ಫೆನ್‌ಸ್ಟೈನ್: ದ ನ್ಯೂ ಆರ್ಡರ್ ಎರಡೂ ಐಡಿ ಟೆಕ್ 5 ಎಂಜಿನ್‌ನವು. ಅಲ್ಲಿ ಟೆಕ್ಸ್ಚರ್ ತಡವಾಗಿ ಬರುವುದು ಎಂಜಿನ್‌ನ ರೀತಿಯೇ. ಅದಕ್ಕಾಗಿ ಹೊಸ ಕಾರ್ಡ್ ತರಲು ಹೋಗಬೇಡಿ.

ಜನ ತುಂಬಿದ ಜಾಗದಲ್ಲಿ ಕುಸಿದರೆ

ಕಾಡಿನಲ್ಲಿ, ಸುರಂಗದಲ್ಲಿ 90 ಎಫ್‌ಪಿಎಸ್. ಊರೊಳಗೆ ಕಾಲಿಟ್ಟರೆ 45. ಜಿಪಿಯು ಬಳಕೆ 60 ಶೇಕಡಾಗೆ ಇಳಿದಿದೆ. ಅಂದರೆ ಜಿಪಿಯು ಕಾಯುತ್ತಾ ಕೂತಿದೆ, ಪ್ರೊಸೆಸರ್ ಕೆಲಸ ಮುಗಿಸುತ್ತಿಲ್ಲ. ಪ್ರತಿ ಪಾತ್ರದ ನಡಿಗೆ, ಮಾತು, ಬುದ್ಧಿ ಎಲ್ಲದರ ಲೆಕ್ಕ ಅದರದ್ದೇ. 2024ರ ನವೆಂಬರ್‌ನಲ್ಲಿ ಬಂದ ಸ್ಟಾಕರ್ 2ರ ವಸತಿ ಕೇಂದ್ರಗಳಲ್ಲಿ ಆದದ್ದು ಇದೇ.

'ನನ್ನ ಸಿಪಿಯು ಬರೀ 20 ಶೇಕಡಾ ತೋರಿಸುತ್ತಿದೆಯಲ್ಲ' ಅನ್ನಬಹುದು. ಒಟ್ಟು ಬಳಕೆ ನೋಡಿ ಮೋಸ ಹೋಗಬೇಡಿ. 16 ಥ್ರೆಡ್ (ಒಟ್ಟಿಗೆ ಓಡಬಲ್ಲ ಕೆಲಸದ ಸಾಲು) ಇರುವ ಪ್ರೊಸೆಸರ್‌ನಲ್ಲಿ ಒಂದು ಥ್ರೆಡ್ ಪೂರ್ತಿ ಸುಸ್ತಾದರೂ ಒಟ್ಟು ಲೆಕ್ಕದಲ್ಲಿ ಅದು 6 ಶೇಕಡಾ ಮಾತ್ರ. ಆಟದ ಮುಖ್ಯ ಥ್ರೆಡ್ ಅಲ್ಲಿ ಸಿಕ್ಕಿಹಾಕಿಕೊಂಡರೆ ಉಳಿದ 15 ಖಾಲಿ ಇದ್ದರೂ ಪ್ರಯೋಜನ ಇಲ್ಲ.

ಖಾತ್ರಿ ಮಾಡಿಕೊಳ್ಳಲು ರೆಸಲ್ಯೂಶನ್ 720ಕ್ಕೆ ಇಳಿಸಿ ಅದೇ ಜಾಗದಲ್ಲಿ ನಿಲ್ಲಿ. ಎಫ್‌ಪಿಎಸ್ ಏರಿದರೆ ತೊಂದರೆ ಜಿಪಿಯುದು. ಏರದಿದ್ದರೆ ಸಿಪಿಯುದು. ಇಷ್ಟು ಸರಳ, ಇಷ್ಟು ಖಚಿತ ಪರೀಕ್ಷೆ ಈ ಕೆಲಸದಲ್ಲಿ ಇನ್ನೊಂದಿಲ್ಲ.

ಸಿಪಿಯು ಕಾರಣ ಅಂತಾದರೆ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಅಪ್‌ಸ್ಕೇಲಿಂಗ್‌ನಿಂದ (ಸಣ್ಣ ಚಿತ್ರ ಬರೆದು ದೊಡ್ಡದು ಮಾಡುವ ವಿಧಾನ) ಲಾಭ ಇಲ್ಲ. ಅವು ಇಳಿಸುವುದು ಜಿಪಿಯು ಭಾರವನ್ನು. ಜನಸಂದಣಿ, ದೂರದ ವಸ್ತುಗಳ ವಿವರ, ನೆರಳು, ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿಯ ಲೆಕ್ಕ) ಇಳಿಸಿ. ರೇ ಟ್ರೇಸಿಂಗ್ ಜಿಪಿಯುಗೆ ಮಾತ್ರ ಭಾರ ಅಂತ ಅಂದುಕೊಳ್ಳುತ್ತಾರೆ, ಸಿಪಿಯುಗೂ ಅದು ಸಾಕಷ್ಟು ಕೆಲಸ ಕೊಡುತ್ತದೆ. ನಡುನಡುವೆ ಕೃತಕ ಫ್ರೇಮ್ ಸೇರಿಸುವ ಫ್ರೇಮ್ ಜನರೇಶನ್ ಹಾಕಿದರೆ ಅಂಕಿ ಏರುತ್ತದೆ, ಚಲನೆ ನಯವಾಗಿ ಕಾಣುತ್ತದೆ. ಆದರೆ ಮೌಸ್‌ಗೆ ಆಟ ಸ್ಪಂದಿಸುವ ವೇಗ ಏರುವುದಿಲ್ಲ. ಮೂಲ ಎಫ್‌ಪಿಎಸ್ 60ರ ಹತ್ತಿರ ಇದ್ದರೆ ಚೆನ್ನಾಗಿರುತ್ತದೆ. 30ರಿಂದ 60 ಮಾಡಿಕೊಂಡರೆ ಗುರಿ ಇಡುವಾಗ ಕೈಗೆ ಗೊತ್ತಾಗಿಬಿಡುತ್ತದೆ.

ಹಳೇ ಆಟಗಳಲ್ಲಿ ಇನ್ನೊಂದು ಜಾಗ ನೋಡಬೇಕು. ಗಾಜು ಒಡೆದಾಗ, ಕಿಡಿ ಹಾರಿದಾಗ ಮಾತ್ರ ಎಫ್‌ಪಿಎಸ್ ನೆಲಕ್ಕೆ ಬಿದ್ದರೆ ಫಿಸ್‌ಎಕ್ಸ್ (ಚೂರು, ಕಿಡಿಗಳ ಚಲನೆ ಲೆಕ್ಕ ಹಾಕುವ ಎನ್‌ವಿಡಿಯಾ ತಂತ್ರ) ಸೆಟ್ಟಿಂಗ್ ಆಫ್ ಮಾಡಿ. ಅದು ಜಿಪಿಯು ಬಿಟ್ಟು ಸಿಪಿಯು ಮೇಲೆ ಓಡಲು ಶುರು ಮಾಡಿದರೆ ಈಗಿನ ಪ್ರೊಸೆಸರ್ ಕೂಡ ಏದುಸಿರು ಬಿಡುತ್ತದೆ.

ಆಡುತ್ತಾ ಆಡುತ್ತಾ ಹಾಳಾದರೆ

ಎರಡು ಅನುಮಾನ: ಬಿಸಿ, ಇಲ್ಲವೇ ಮೆಮೊರಿ ಸೋರಿಕೆ (ಆಟ ಬಳಸಿದ ಮೆಮೊರಿಯನ್ನು ಬಿಡದೆ ತುಂಬುತ್ತಾ ಹೋಗುವುದು). ಆಟ ಮುಚ್ಚಿ ತಕ್ಷಣ ಮತ್ತೆ ತೆರೆಯಿರಿ. ಆಗಲೂ ನಿಧಾನ ಇದ್ದರೆ ಬಿಸಿ. ಹೊಸದರಂತೆ ಓಡಿದರೆ ಸೋರಿಕೆ. ಬಿಸಿಯಾದಾಗ ಕ್ಲಾಕ್ ಸ್ಪೀಡ್ ಇಳಿಯುವುದು ಗ್ರಾಫ್‌ನಲ್ಲೇ ಕಾಣುತ್ತದೆ. ಧೂಳು ತೆಗೆಯಿರಿ, ಲ್ಯಾಪ್‌ಟಾಪ್‌ನ ಹಿಂಭಾಗ ಎತ್ತಿಡಿ, ಫ್ರೇಮ್ ಕ್ಯಾಪ್ ಹಾಕಿ. ಸೋರಿಕೆಯಾದರೆ ಅಧ್ಯಾಯಕ್ಕೊಂದು ಸಲ ಆಟ ಮುಚ್ಚಿ ತೆರೆಯುವುದು ಬಿಟ್ಟರೆ ನಮ್ಮ ಕೈಯಲ್ಲಿ ಏನೂ ಇಲ್ಲ.

ಕ್ಯಾಪ್ ಬಗ್ಗೆ ಒಂದು ಮಾತು. ಕಥೆಯ ಆಟಕ್ಕೆ 60ರಲ್ಲಿ ಲಾಕ್ ಮಾಡಿದ ಸಪಾಟು ಗೆರೆ, 70ರಿಂದ 110ರವರೆಗೆ ಕುಣಿಯುವ ಗೆರೆಗಿಂತ ಎಷ್ಟೋ ವಾಸಿ. 60 ಬರದಿದ್ದರೆ, ಮಾನಿಟರ್ 120 ಹರ್ಟ್ಸ್‌ದಾದರೆ 40ಕ್ಕೆ ಇಡಿ. ಒಂದು ಫ್ರೇಮಿಗೆ 25 ಮಿಲಿಸೆಕೆಂಡ್ ಆಗುತ್ತದೆ, ಅಂದರೆ ಸಮಯದ ಲೆಕ್ಕದಲ್ಲಿ 30ರ (33.3) ಮತ್ತು 60ರ (16.7) ಸರಿಯಾಗಿ ನಡುವೆ. 60 ಹರ್ಟ್ಸ್‌ನಲ್ಲಿ ವಿ-ಸಿಂಕ್ (ಫ್ರೇಮನ್ನು ಮಾನಿಟರ್ ದರಕ್ಕೆ ಹೊಂದಿಸುವುದು) ಹಾಕಿದಾಗ ಎಫ್‌ಪಿಎಸ್ 60ರಿಂದ ನೇರವಾಗಿ 30ಕ್ಕೆ ಜಿಗಿಯುತ್ತಿದ್ದರೆ ಅದು ಡಬಲ್ ಬಫರಿಂಗ್‌ನ (ಎರಡೇ ಫ್ರೇಮಿಗೆ ಜಾಗ ಇಟ್ಟುಕೊಳ್ಳುವ ರೀತಿ) ಗುಣ. ಮಾನಿಟರ್‌ನ ದರವನ್ನೇ ಆಟಕ್ಕೆ ಹೊಂದಿಸುವ ಜಿ-ಸಿಂಕ್, ಫ್ರೀಸಿಂಕ್ ಇದ್ದರೆ ಆನ್ ಮಾಡಿ, ಮಾನಿಟರ್ ದರಕ್ಕಿಂತ ಎರಡು ಮೂರು ಫ್ರೇಮ್ ಕೆಳಗೆ ಕ್ಯಾಪ್ ಹಾಕಿ.

ಮಾತು ಕೇಳಿಸುತ್ತಿಲ್ಲ

ಗುಂಡಿನ ಸದ್ದು ಕಿವಿ ಹರಿಯುವಷ್ಟು, ಪಾತ್ರಗಳ ಮಾತು ಪಿಸುಗುಟ್ಟಿದಷ್ಟು. ಬಹಳ ಜನ ಇದನ್ನು ಆಟದ ತಪ್ಪು ಅಂತ ಬಿಟ್ಟುಬಿಡುತ್ತಾರೆ. 5.1, 7.1 (ಸುತ್ತ ಹಲವು ಸ್ಪೀಕರ್ ಇರುವ) ಧ್ವನಿಯಲ್ಲಿ ಮಾತು ಮುಖ್ಯವಾಗಿ ನಡುವಿನ ಸ್ಪೀಕರಿಗೆ ಹೋಗುತ್ತದೆ. ವಿಂಡೋಸ್ ಅಥವಾ ಆಟ 5.1 ಅಂತ ಅಂದುಕೊಂಡಿದೆ, ನಿಮ್ಮ ಹತ್ತಿರ ಇರುವುದು ಎರಡು ಕಿವಿಯ ಹೆಡ್‌ಫೋನ್. ನಡುವಿನ ಸ್ಪೀಕರೇ ಇಲ್ಲ, ಮಾತು ಹೋಗುವುದೆಲ್ಲಿಗೆ? ವಿಂಡೋಸ್, ಆಟ ಎರಡರಲ್ಲೂ ಸ್ಟೀರಿಯೊ ಅಂತ ಬದಲಿಸಿ. ಕಥೆಯ ಅರ್ಧ ವಾಪಸ್ ಸಿಗುತ್ತದೆ.

ಕಟ್‌ಸೀನ್ (ಕಥೆ ಹೇಳುವ ದೃಶ್ಯ) ಜಾಗದಲ್ಲಿ ಕಪ್ಪು ಪರದೆ ಮಾತ್ರ ಬಂದರೆ ನಿಮ್ಮ ವಿಂಡೋಸ್ 'ಎನ್' ಆವೃತ್ತಿಯಾ ನೋಡಿ. ಅದರಲ್ಲಿ ವಿಡಿಯೊ ಭಾಗಗಳೇ ಇರುವುದಿಲ್ಲ, ಮೀಡಿಯಾ ಫೀಚರ್ ಪ್ಯಾಕ್ ಹಾಕಬೇಕು. ಕಟ್‌ಸೀನ್ ಮಾತ್ರ 30ರಲ್ಲಿ ಓಡಿದರೆ ಅದು ಮೊದಲೇ ರೆಕಾರ್ಡ್ ಮಾಡಿದ ವಿಡಿಯೊ ಇರಬಹುದು, ಇಲ್ಲವೇ ಆಟವೇ ಅಲ್ಲಿ ಮಿತಿ ಹಾಕಿರಬಹುದು. ನಿಮ್ಮ ಪಿಸಿಗೆ ಅದರಲ್ಲಿ ಪಾಲಿಲ್ಲ.

ಕಥೆಯೇ ಮುಂದೆ ಹೋಗದಿದ್ದರೆ

ಬಾಗಿಲು ತೆರೆಯುವುದಿಲ್ಲ. ಜೊತೆಗಾರ ಗೋಡೆ ನೋಡುತ್ತಾ ನಿಂತಿದ್ದಾನೆ. ಗುರಿ ಬದಲಾಗುವುದಿಲ್ಲ. ಇದನ್ನು ಬರೀ ಸ್ಕ್ರಿಪ್ಟ್ ಬಗ್ ಅಂತ ಬದಿಗಿಡುವ ಮೊದಲು ಒಂದು ಘಟನೆ ಕೇಳಿ. 2004ರ ಹಾಫ್-ಲೈಫ್ 2ನ್ನು ಅದನ್ನು ಮಾಡಿದ ವಾಲ್ವ್ ಕಂಪನಿಯವರೇ ವರ್ಷಗಳ ಮೇಲೆ ವಿಆರ್‌ಗೆ (ಕಣ್ಣಿಗೆ ಕಟ್ಟಿಕೊಳ್ಳುವ ಹೆಡ್‌ಸೆಟ್‌ಗೆ) ಹೊಂದಿಸುತ್ತಿದ್ದರು. ಆಟದ ಶುರುವಿನಲ್ಲೇ ಒಂದು ಬಾಗಿಲು ತೆರೆಯದೆ ಕಥೆ ನಿಂತುಬಿಟ್ಟಿತು. ಹುಡುಕಿದರೆ ಬಾಗಿಲ ಹಿಂದೆ ನಿಂತಿದ್ದ ಕಾವಲುಗಾರನ ಕಾಲ್ಬೆರಳು ಅಡ್ಡ ಬರುತ್ತಿತ್ತು. ಮೂಲ ಆಟದಲ್ಲೂ ಅವನು ಅಲ್ಲೇ ನಿಂತಿದ್ದ, ಆದರೆ ಬಾಗಿಲು ತಾಗಿದಾಗ ಕೂದಲೆಳೆಯಷ್ಟು ಸರಿದು ದಾರಿ ಬಿಡುತ್ತಿದ್ದ. ಆಟದ ಕೋಡನ್ನು ಪ್ರೊಸೆಸರ್ ಭಾಷೆಗೆ ಬದಲಿಸುವ ಹೊಸ ಕಂಪೈಲರ್ ದಶಮಾಂಶದ ಲೆಕ್ಕಕ್ಕೆ ಪ್ರೊಸೆಸರ್‌ನ ಬೇರೆ ಸೂಚನೆಗಳನ್ನು ಬಳಸಿತ್ತು. ಉತ್ತರದಲ್ಲಿ ಎಲ್ಲೋ ಕೊನೆಯ ಅಂಕಿ ಬದಲಾಗಿ, ಅವನು ಸಾಕಷ್ಟು ಸರಿಯಲಿಲ್ಲ. ಬಾಗಿಲು ಬಡಿದು ವಾಪಸ್ ಮುಚ್ಚಿತು.

ಕಥೆ, ಆಟ, ಪರ್ಫಾರ್ಮೆನ್ಸ್ ಮೂರನ್ನೂ ಬೇರೆ ಬೇರೆ ಡಬ್ಬದಲ್ಲಿ ಇಡಲು ಆಗುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. 2015ರ ಫಾಲ್‌ಔಟ್ 4ರಲ್ಲಿ ವಸ್ತುಗಳ ಚಲನೆಯ ಲೆಕ್ಕ ಫ್ರೇಮ್ ದರಕ್ಕೇ ಕಟ್ಟಿದೆ. 60ರ ಮಿತಿ ತೆಗೆದರೆ ಆಟದ ವೇಗವೇ ತಪ್ಪುತ್ತದೆ. ಹಾಗಾಗಿ ಕಥೆ ಸಿಕ್ಕಿಹಾಕಿಕೊಂಡರೆ ನಾನು ಮೊದಲು ಹೇಳುವುದು: 60ಕ್ಕೆ ಕ್ಯಾಪ್ ಹಾಕಿ ಹಿಂದಿನ ಚೆಕ್‌ಪಾಯಿಂಟ್‌ನಿಂದ ಬನ್ನಿ. ಹಳೇ ಎಂಜಿನ್ ಆದರೆ ಎಷ್ಟೋ ಸಲ ಇಷ್ಟರಲ್ಲೇ ಮುಗಿಯುತ್ತದೆ.

ಮುಗಿಯದಿದ್ದರೆ ಜೊತೆಗಾರನ ದಾರಿಯಲ್ಲಿ ಹೆಣವೋ ಡಬ್ಬವೋ ಬಿದ್ದಿದೆಯಾ ನೋಡಿ. ದೂರ ಹೋಗಿ ವಾಪಸ್ ಬನ್ನಿ, ಪಾತ್ರ ಮತ್ತೆ ತನ್ನ ಜಾಗಕ್ಕೆ ಬರುವ ಸಾಧ್ಯತೆ ಇದೆ. ನೀವು ಅವನಿಗಿಂತ ಮುಂದೆ ಓಡಿದ್ದರೆ ಈ ಸಲ ಹಿಂದೆಯೇ ನಡೆಯಿರಿ. ಮಾತು ಸ್ಕಿಪ್ ಮಾಡಿದ್ದರೆ ಪೂರ್ತಿ ಕೇಳಿ, ಕಥೆಯನ್ನು ಮುಂದೆ ತಳ್ಳುವ ಕೆಲವು ಟ್ರಿಗರ್‌ಗಳು ಮಾತಿನ ಕೊನೆಗೆ ಕಟ್ಟಿರುತ್ತವೆ. ಮಾಡ್ (ಆಟಕ್ಕೆ ಬೇರೆಯವರು ಮಾಡಿದ ಬದಲಾವಣೆ) ಹಾಕಿದ್ದರೆ ತೆಗೆಯಿರಿ. ಆದರೆ ಮಾಡ್ ಇದ್ದಾಗ ಮಾಡಿದ ಸೇವ್‌ನೊಳಗೆ ಅದರ ಗುರುತು ಉಳಿದಿರುತ್ತದೆ, ಅದಕ್ಕಿಂತ ಹಳೇ ಸೇವ್‌ನಲ್ಲಿ ಪರೀಕ್ಷೆ ಮಾಡಿ.

ಸೇವ್ ಅಂದಾಗ, ಆಟೋಸೇವ್ ಒಂದನ್ನೇ ನಂಬಬೇಡಿ. ಅಧ್ಯಾಯಕ್ಕೊಂದು ಕೈಯಾರೆ ಸೇವ್ ಇಡಿ. 2020ರ ಡಿಸೆಂಬರ್‌ನಲ್ಲಿ ಸೈಬರ್‌ಪಂಕ್ 2077 ಬಂದ ಹೊಸದರಲ್ಲಿ ಪಿಸಿಯಲ್ಲಿ ಸೇವ್ ಫೈಲ್ 8 ಎಂಬಿ ದಾಟಿದರೆ ಕೆಟ್ಟುಹೋಗುತ್ತಿತ್ತು. 1.06 ಹಾಟ್‌ಫಿಕ್ಸ್ (ತುರ್ತು ಪ್ಯಾಚ್) ಆ ಮಿತಿಯನ್ನು ತೆಗೆಯಿತು.

ಆಟ ಪೂರ್ತಿ ಬಿದ್ದುಹೋದರೆ

ಎರರ್ ಸಂದೇಶವನ್ನು ಓದಿ, ಆದರೆ ಅಕ್ಷರಶಃ ನಂಬಬೇಡಿ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಮೇಲ್ದರ್ಜೆಯ ಡೆಸ್ಕ್‌ಟಾಪ್ ಪ್ರೊಸೆಸರ್ ಇದ್ದ ಎಷ್ಟೋ ಜನರಿಗೆ ಅನ್‌ರಿಯಲ್ ಎಂಜಿನ್‌ನ ಆಟಗಳಲ್ಲಿ 'ವಿಡಿಯೊ ಮೆಮೊರಿ ಸಾಲದು' ಅಂತ ಬರುತ್ತಿತ್ತು. ವಿಡಿಯೊ ಮೆಮೊರಿ ಬೇಕಾದಷ್ಟು ಖಾಲಿ ಇತ್ತು. ದೋಷ ಇದ್ದದ್ದು ಪ್ರೊಸೆಸರ್‌ಗೆ ಹೋಗುತ್ತಿದ್ದ ವೋಲ್ಟೇಜ್‌ನಲ್ಲಿ. ಶೇಡರ್ ಬಿಚ್ಚುವ ಭಾರದ ಕೆಲಸದಲ್ಲಿ ಲೆಕ್ಕ ತಪ್ಪುತ್ತಿತ್ತು. 2024ರ ಆಗಸ್ಟ್‌ನಿಂದ ಅದಕ್ಕೆ ಮೈಕ್ರೋಕೋಡ್ (ಪ್ರೊಸೆಸರ್‌ನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್‌ಗಳು ಬಂದವು, ಅವು ಬಯೋಸ್ ಜೊತೆ ಸಿಗುತ್ತವೆ. ಆ ಪ್ರೊಸೆಸರ್ ನಿಮ್ಮದಾದರೆ ಮೊದಲು ಬಯೋಸ್ ಹೊಸದು ಮಾಡಿ. ಈಗಾಗಲೇ ಸವೆದ ಚಿಪ್ ಅಪ್‌ಡೇಟ್‌ನಿಂದ ಸರಿಯಾಗುವುದಿಲ್ಲ, ಬದಲಿಸಬೇಕಾಗುತ್ತದೆ.

ಬೇರೆ ಪ್ರೊಸೆಸರ್ ಆದರೆ ಓವರ್‌ಕ್ಲಾಕ್ (ವೇಗ ಏರಿಸಿದ್ದು), ಅಂಡರ್‌ವೋಲ್ಟ್ (ವೋಲ್ಟೇಜ್ ಇಳಿಸಿದ್ದು) ಎಲ್ಲ ತೆಗೆದು ನೋಡಿ. ಎಕ್ಸ್‌ಎಂಪಿ ಕೂಡ ಒಂದು ಓವರ್‌ಕ್ಲಾಕೇ, ತಾತ್ಕಾಲಿಕವಾಗಿ ಆಫ್ ಮಾಡಿ. ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಒಂದು ರಾತ್ರಿ ಓಡಿಸಿ. ಬೇರೆ ಆಟಗಳೆಲ್ಲ ಚೆನ್ನಾಗಿ ಓಡಿ ಇದೊಂದೇ, ಅದೂ ಒಂದೇ ದೃಶ್ಯದಲ್ಲಿ ಬಿದ್ದರೆ ಹಾರ್ಡ್‌ವೇರ್ ಅನುಮಾನ ಬಿಟ್ಟು ಪ್ಯಾಚ್ ಕಾಯಿರಿ.

ದೋಷವಲ್ಲದ ಕೆಲವು

ಗಾಯಗೊಂಡ ದೃಶ್ಯದಲ್ಲಿ ಮೌಸ್ ಭಾರ ಅನಿಸಿದರೆ, ಜೊತೆಗಾರನ ಜೊತೆ ನಡೆಯುವಾಗ ಓಡಲು ಬಿಡದಿದ್ದರೆ ಅದು ಕಥೆಯವರ ನಿರ್ಧಾರ. ಗ್ರಾಫ್ ಸಪಾಟಾಗಿದ್ದರೆ ಅಲ್ಲಿಗೆ ಬಿಡಿ. ಎಲ್ಲ ಕಡೆ ಭಾರ ಅನಿಸಿದರೆ ಮಾತ್ರ ವಿ-ಸಿಂಕ್, ಫ್ರೇಮ್ ಜನರೇಶನ್, ಮೌಸ್ ಸ್ಮೂದಿಂಗ್ ಒಂದೊಂದಾಗಿ ತೆಗೆದು ನೋಡಿ. 8000 ಹರ್ಟ್ಸ್ ಮೌಸ್ (ಸೆಕೆಂಡಿಗೆ 8000 ಸಲ ಸಂಕೇತ ಕಳಿಸುವುದು) ಇದ್ದರೆ 1000ಕ್ಕೆ ಇಳಿಸಿ, ಕೆಲವು ಆಟಗಳು ಅಷ್ಟನ್ನು ತಡೆಯುವುದಿಲ್ಲ. ತಲೆ ಸುತ್ತಿದರೆ ಮೋಷನ್ ಬ್ಲರ್ ಮತ್ತು ತಲೆಯ ಓಲಾಟ ಆಫ್ ಮಾಡಿ, ಫೀಲ್ಡ್ ಆಫ್ ವ್ಯೂ (ಪರದೆಯಲ್ಲಿ ಕಾಣುವ ನೋಟದ ಅಗಲ) 90 ಡಿಗ್ರಿಯ ಆಚೀಚೆ ಇಡಿ. ಅದು ಜಾಸ್ತಿಯಾದಷ್ಟೂ ಚಿತ್ರಿಸಬೇಕಾದ ವಸ್ತುಗಳೂ ಜಾಸ್ತಿ, ಎಫ್‌ಪಿಎಸ್ ಸ್ವಲ್ಪ ಇಳಿಯುತ್ತದೆ.

ಕೊನೆಗೂ ಸಿಗದಿದ್ದರೆ ಆಟ ಮಾಡಿದವರಿಗೆ ಬರೆಯಿರಿ. 'ಲ್ಯಾಗ್ ಆಗುತ್ತೆ, ಸರಿ ಮಾಡಿ' ಅಂದರೆ ಅವರೂ ಏನು ಮಾಡಿಯಾರು? ಪ್ರೊಸೆಸರ್, ಕಾರ್ಡ್, ರ್‍ಯಾಮ್, ಡ್ರೈವರ್ ಆವೃತ್ತಿ, ಆಟದ ಆವೃತ್ತಿ ಬರೆಯಿರಿ. ಯಾವ ಅಧ್ಯಾಯ, ಯಾವ ಚೆಕ್‌ಪಾಯಿಂಟ್, ಏನು ಮಾಡಿದಾಗ, ರೀಸ್ಟಾರ್ಟ್ ಆದ ಮೇಲೂ ಬರುತ್ತದೆಯಾ ಅನ್ನುವುದನ್ನು ಹೇಳಿ. ಫ್ರೇಮ್ ಟೈಮ್ ಗ್ರಾಫ್ ಕಾಣುವ ಸಣ್ಣ ವಿಡಿಯೊ, ಆ ಜಾಗಕ್ಕೆ ಸ್ವಲ್ಪ ಮೊದಲಿನ ಸೇವ್ ಫೈಲ್ ಎರಡನ್ನೂ ಲಗತ್ತಿಸಿ.